ಮುನಿಕೃಷ್ಣನ ಕಲ್ಲು

ಮರುಗದ ವಾಸನೆ ಉಗುರಿನೊಳಕ್ಕೆ ಇಳಿದುಬಿಟ್ಟಿದೆ, ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ, ಇನ್ನೆಷ್ಟು ಮಾರು ಕಟ್ಟಬೇಕೋ, ನಾಳೆ ವರಮಹಾಲಕ್ಷ್ಮಿ, ಚಾಮರಾಜಪೇಟೆಯ ಹೆಂಗಸರೆಲ್ಲ ಅಮ್ಮನ ಹೂವಿನಂಗಡಿ ಮುಂದೆಯೇ ನಿಂತಿದ್ದಾರೆ, ಏನಮ್ಮಾ ದೊಡ್ಡಮುನಿಯಮ್ಮ, ಮಗಳು ಇನ್ನೂ ಇಲ್ಲೇ ಇದಾಳೆ, ನಿಮ್ಮನೇಲಿ ಆಷಾಢ ಮುಗೀಲಿಲ್ವಾ — ಅಯ್ಯೋ, ಕೇಳುವುದಾದರೆ ಮೆಲ್ಲಗೆ ಕೇಳಬಾರದೇ, ಲಾವಣ್ಯಾ ತಲೆಯೆತ್ತದೆ ಗಂಟು ಬಿಗಿದಳು, ದಾರ ಹರಿಯಿತು. ಮದುವೆಯಾದ ಮೊದಲ ಆಷಾಢ, ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಅತ್ತೆಯೇ ಇಲ್ಲದ ಮನೆಯಿಂದಲೂ ಅಮ್ಮ ಎಳೆದುಕೊಂಡು ಬಂದಳಲ್ಲ, ಶಾಸ್ತ್ರ ಅಂದ್ರೆ ಶಾಸ್ತ್ರ ಕಣೆ, ಶ್ರಾವಣ ಹುಟ್ಟಿದ್ಮೇಲೆ ಗಂಡ ಬಂದು ಕರೀತಾನೆ, ಅಲ್ಲೀವರೆಗೂ ಹೆಜ್ಜೆ ಎತ್ಬೇಡ. ಶ್ರಾವಣ ಹುಟ್ಟಿ ವಾರ ದಾಟಿತು. ಶಂಕರಪುರವೇನು ಕಾಶಿಯೇ, ಮಾತಾಡುತ್ತ ನಡೆದರೆ ಮಾತು ಮುಗಿಯುವುದರೊಳಗೆ ಮನೆ ಬರುತ್ತದೆ, ಬರಲಿಲ್ಲ ಮಹಾರಾಯ, ಗಂಡ ಮುನಿಕೃಷ್ಣನಿಗೆ ಆ ಕಲ್ಲೇ ಆಯಿತು.

ಮಂಗಳಕ್ಕೂ ಗುರುವಿಗೂ ನಡುವೆ ಲಕ್ಷಾಂತರ ಕಲ್ಲು ಸುತ್ತುತ್ತವಂತೆ, ಕ್ಷುದ್ರಗ್ರಹಗಳು, ಹೊಸದರಲ್ಲಿ ಮಹಡಿಗೆ ಕರೆದೊಯ್ದು, ತಾನೇ ಗಾಜು ಉಜ್ಜಿ ಮಾಡಿದ ದೂರದರ್ಶಕದಲ್ಲಿ ತೋರಿಸಿದ್ದ, ಒಂದು ಚುಕ್ಕಿ, ಸಾಸಿವೆಕಾಳಿಗಿಂತ ಕಡೆ, ಇದಕ್ಕಾ ಇಷ್ಟು ಮೆಟ್ಟಿಲು ಹತ್ತಿಸಿದ್ರಿ ಅಂದರೆ ನಕ್ಕಿದ್ದ, ಬೇರೆ ಕಲ್ಲುಗಳು ಅರ್ಧ ದಿನದಲ್ಲೇ ತಮ್ಮ ಸುತ್ತ ತಾವೇ ಒಂದು ಸಲ ತಿರುಗ್ಬಿಡ್ತವೆ ಕಣೆ, ಇದಕ್ಕೆ ಒಂದೂವರೆ ತಿಂಗಳು ಬೇಕು, ದಿನಾ ನೋಡೋನಿಗೆ ತಿರುಗ್ತಾ ಇದೆ ಅಂತಾನೇ ಗೊತ್ತಾಗಲ್ಲ — ಅವನ ಕೈ ಹೆಗಲ ಮೇಲಿತ್ತು, ಭಾರವಾಗಿ, ಬೆಚ್ಚಗೆ, ಈಗ ಅಲ್ಲಿ ಬರೀ ಗಾಳಿ ಕೂರುತ್ತದೆ. ಆಷಾಢವೆಲ್ಲ ಮೋಡ, ಅವನು ಕಲ್ಲನ್ನೂ ಕಾಣಲಿಲ್ಲ, ಇವಳನ್ನೂ ಕಾಣಲಿಲ್ಲ, ಮೋಡ ಸರಿದ ದಿನ ಫೋನು, ಓಡಿಹೋಗಿ ಎತ್ತಿದರೆ, ಲಾವಣ್ಯಾ, ಆ ಕಲ್ಲು ಮಂಕಾಗಿದೆ, ಇನ್ನೊಂದು ಮೈ ಈ ಕಡೆ ಬರ್ತಿದೆ, ಈಗ ಬಾ ಅನ್ನುತ್ತಾನೆ, ಈಗ ಅನ್ನುತ್ತಾನೆ ಅಂತ ವೈರನ್ನು ಬೆರಳಿಗೆ ಸುತ್ತಿ ಸುತ್ತಿ ನಿಂತಳು, ಊಟ ಆಯ್ತಾ ಅಂದ, ಆಯ್ತು ಅಂದಳು, ಇಟ್ಟುಬಿಟ್ಟ. ಹೆಂಡ್ತೀನ ಬಿಟ್ಟು ಕಲ್ಲು ಕಾಯ್ತಾನಲ್ಲ ನಿನ್ ಗಂಡ, ಅಮ್ಮ ನಕ್ಕಳು, ಇವಳೂ ನಕ್ಕಳು, ಬಚ್ಚಲಿಗೆ ಹೋಗಿ ಅತ್ತಳು. ಅವಳಿಗೆ ಅವನು ಬೇಕಾಗಿತ್ತು, ಅಷ್ಟೇ.

ಒಂದು ಮೊಳ ಕೊಡವ್ವ, ಯಾರು, ಶೀನಣ್ಣ, ಶಂಕರಪುರಕ್ಕೆಲ್ಲ ಹಾಲು ಹಾಕುವವನು, ನಿಮ್ಮೆಜಮಾನ್ರು ಬಾಗಿಲಿಗೆ ಚಿಲಕಾನೇ ಹಾಕಲ್ವಲ್ಲವ್ವ, ಕಳ್ಳರು ಗಿಳ್ಳರು ಬಂದಾರು ಅಂದ್ರೆ, ಆಷಾಢ ಮುಗೀತಲ್ಲ ಶೀನಣ್ಣ, ಅವಳು ಯಾವತ್ತಾದ್ರೂ ಬರ್ತಾಳೆ, ನಾನು ಮಹಡೀಲಿದ್ರೆ ಬಾಗಿಲು ತಟ್ಟಿದ್ದು ಕೇಳ್ಸಲ್ಲ ಅಂತಾರೆ — ಅಯ್ಯೋ ದೇವರೇ, ಬಂದು ಕರೆಯಬೇಕಾದವನು ತಾನೆಂದು ಅವನಿಗೆ ಹೇಳಿದವರೇ ಇಲ್ಲ, ತಾಯಿ ಇದ್ದಿದ್ದರೆ ಹೇಳುತ್ತಿದ್ದಳು, ನಾನಾದರೂ ಹೇಳಿದೆನೇ, ಹಾಳು ಬಿಗುಮಾನ, ಮಡಿಲಿನ ಹೂವು ಜಾರಿತು, ಚಪ್ಪಲಿ ಎಲ್ಲಿ, ಕರೀದೆ ಹೋಗ್ತೀಯೇನೇ ಮಾನಗೇಡಿ, ಅಮ್ಮನ ಕೂಗು ಬೀದಿ ತಿರುವಿನವರೆಗೂ ಬಂತು, ಬರಲಿ, ಚಿಲಕವಿಲ್ಲದ ಬಾಗಿಲು, ಬಾಳೆಕಂದಿನ ಗಾಡಿ, ಸರೀರಿ ಸರೀರಿ, ಹೊಂಗೆಮರ, ದೀಪ ಹತ್ತಿಸುವ ಹೊತ್ತು, ಚಿಲಕವಿಲ್ಲದ ಬಾಗಿಲು, ತಳ್ಳಿದರೆ ಸಾಕು, ಅವನನ್ನು ಏನೂ ಕೇಳುವುದಿಲ್ಲ, ಹೋಗಿ ಅನ್ನಕ್ಕಿಡುತ್ತೇನೆ, ಇಳಿದು ಬಂದು ನೋಡಲಿ, ಮನೆ ಬಂತು, ಮಹಡಿಯ ಮೇಲೆ ಏನೋ ಎಳೆದ ಸದ್ದು, ಅವನೇ, ದೂರದರ್ಶಕದ ಮುಕ್ಕಾಲಿ ಸರಿಸುತ್ತಿದ್ದಾನೆ, ತಳ್ಳಿದಳು.

ಬಾಗಿಲು ಅಲುಗಲಿಲ್ಲ. ಭುಜ ಕೊಟ್ಟು ತಳ್ಳಿದಳು. ಶೀನಣ್ಣ ಹೇಳಿದ್ದು ಯಾವತ್ತಿನ ಮಾತು, ನೆನ್ನೆಯದೋ, ಹೋದ ವಾರದ್ದೋ, ಯಾವ ದಿನ ಸಾಕಾಯಿತು ಅವನಿಗೆ, ತಟ್ಟಿದಳು, ಮುಕ್ಕಾಲಿ ಮತ್ತೆ ಸರಿಯಿತು, ರೀ ಅಂದಳು, ಇನ್ನೂ ಜೋರಾಗಿ ತಟ್ಟಿದಳು, ಮೇಲೆ ಅವನು, ಕೆಳಗೆ ಇವಳು, ನಡುವೆ, ಬಾಗಿಲಿನ ಆಚೆ ಮೈಗೆ, ಚಿಲಕ, ಹಾಕಿದ ಚಿಲಕ