ಬಾಗಿಲಲ್ಲಿ ನಿಂತ ಭೈರ

‘ಉಕ್ಕಿನ ಭೈರ’ನ ಎರಡನೇ ಭಾಗ ತಯಾರಾಗುತ್ತಿದೆ ಎಂಬ ಸುದ್ದಿ ಬಂದಾಗಿನಿಂದ ಓಕಳಿಪುರಂನ ಸೊಣ್ಣಪ್ಪನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಸುಲ್ತಾನ್‌ಪೇಟೆಯ ಪ್ರೆಸ್ಸೊಂದರಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವುದು ಅವನ ಕೆಲಸ. ಆದರೆ ಯಾರಾದರೂ ಏನು ಮಾಡಿಕೊಂಡಿದ್ದೀಯಪ್ಪಾ ಎಂದು ಕೇಳಿದರೆ, ಉಕ್ಕಿನ ಭೈರ ಅಭಿಮಾನಿಗಳ ಸಂಘದ ಅಧ್ಯಕ್ಷ ಎನ್ನುವ ಮಾತೇ ಮೊದಲು ಬಾಯಿಗೆ ಬರುತ್ತಿತ್ತು. ಕಾರ್ಯದರ್ಶಿ ಅವನ ಗೆಳೆಯ ಆಂಜಿನಯ್ಯ. ಒಂದೇ ಬೀದಿಯಲ್ಲಿ ಗೋಲಿ ಆಡಿ ಬೆಳೆದವರು.

ಮೊದಲ ಭಾಗ ಬಂದದ್ದು ಎಪ್ಪತ್ತೆಂಟರಲ್ಲಿ. ರೈಲ್ವೆ ಷೆಡ್ಡಿನಲ್ಲಿ ಕಲ್ಲಿದ್ದಲು ಹೊರುವ ಭೈರ ಎಂಬ ಅನಾಥನಿಗೆ ಸಿಡಿಲು ಬಡಿದು ಮೂಳೆಯೆಲ್ಲ ಉಕ್ಕಾಗುತ್ತದೆ. ಅವನು ಮುಖಕ್ಕೆ ಕರಿ ಮುಖವಾಡ ಕಟ್ಟಿ, ಕೂಲಿಗಳ ರಕ್ತ ಹೀರುವ ಜಮೀನ್ದಾರನ ಪಡೆಯನ್ನು ಒಬ್ಬೊಬ್ಬರನ್ನಾಗಿ ಮುರಿದು ಹಾಕುತ್ತಾನೆ. ‘ಹೆಸರು ಕೇಳಬೇಡ, ಏಟು ನೋಡು’ ಎಂದು ಅವನು ಹೇಳುವಾಗ ಟಾಕೀಸಿನ ತಗಡು ಹಾರಿಹೋಗುವ ಹಾಗೆ ಶಿಳ್ಳೆ ಬೀಳುತ್ತಿತ್ತು. ಸೊಣ್ಣಪ್ಪ ಆ ಚಿತ್ರವನ್ನು ಎಷ್ಟು ಸಲ ನೋಡಿದನೋ ಅವನಿಗೇ ಲೆಕ್ಕ ಸಿಗದು.

ನೋಡಿದ್ದಷ್ಟೇ ಆಗಿದ್ದರೆ ಮಾತು ಬೇರೆ. ಅವರ ಬೀದಿಯ ನಲ್ಲಿಯ ಹತ್ತಿರ ಪುಟ್ಟಯ್ಯ ಎಂಬವನ ದರಬಾರು ನಡೆಯುತ್ತಿತ್ತು. ಕಾರ್ಪೊರೇಟರ ಹಿಂದೆ ಓಡಾಡುವ ಆಸಾಮಿ. ಸೊಣ್ಣಪ್ಪನ ತಾಯಿ ಅಂಜಿನಮ್ಮ ಕೊಡ ಇಟ್ಟರೆ, “ನಿಮ್ಮೋರೆಲ್ಲ ಕೊನೇಗೆ” ಎಂದು ಒದೆಯುತ್ತಿದ್ದ. ಕೊಡ ಉರುಳಿ ಚರಂಡಿಗೆ ಬೀಳುತ್ತಿತ್ತು. ಅಂಜಿನಮ್ಮ ಸೆರಗಿನಲ್ಲಿ ಒರೆಸಿ ಮತ್ತೆ ಸಾಲಿನ ಬಾಲಕ್ಕೆ ಹೋಗುತ್ತಿದ್ದಳು. ಸೊಣ್ಣಪ್ಪ ಹುಟ್ಟಿದಾಗಿನಿಂದ ಕಂಡದ್ದು ಅದನ್ನೇ. ಭೈರನನ್ನು ನೋಡಿದ ಮೇಲೆ ಒಂದು ಬೆಳಿಗ್ಗೆ ಪುಟ್ಟಯ್ಯ ಕೊಡಕ್ಕೆ ಕಾಲೆತ್ತಿದ. ಸೊಣ್ಣಪ್ಪ ಅವನ ಕುತ್ತಿಗೆಪಟ್ಟಿ ಹಿಡಿದು ತಲೆಯನ್ನು ನಲ್ಲಿಯ ಕಂಬಕ್ಕೆ ಚಚ್ಚಿದ. ಒಂದಲ್ಲ, ಮೂರು ಸಲ. ರಕ್ತ ನೀರಿನ ಜೊತೆ ಹರಿಯಿತು. ಆಮೇಲೆ ಪುಟ್ಟಯ್ಯನ ಕಡೆಯವರು ಬಂದು ಸೊಣ್ಣಪ್ಪನನ್ನು ಮೆತ್ತಗೆ ಮಾಡಿಹಾಕಿದರು ಅನ್ನುವುದೂ ನಿಜ. ಆದರೆ ಅಂದಿನಿಂದ ಅಂಜಿನಮ್ಮನ ಕೊಡವನ್ನು ಯಾರೂ ಒದೆಯಲಿಲ್ಲ. ಆ ಏಟು ತನ್ನದಲ್ಲ, ಭೈರ ತನ್ನ ಕೈಯಿಂದ ಹೊಡೆಸಿದ್ದು ಎಂದೇ ಸೊಣ್ಣಪ್ಪ ನಂಬಿಕೊಂಡಿದ್ದ.

ಎಂಬತ್ತೊಂದರ ಬೇಸಿಗೆಯಲ್ಲಿ ಎರಡನೇ ಭಾಗ ಚಾಮರಾಜಪೇಟೆಯ ಗಜಲಕ್ಷ್ಮಿ ಟಾಕೀಸಿಗೆ ಬಂತು. ಮೊದಲ ದಿನ ಬೆಳಗಿನ ಆಟಕ್ಕೆ ಸಂಘದವರೆಲ್ಲ ತಮಟೆ ಬಡಿದುಕೊಂಡು, ಸುಲ್ತಾನ್‌ಪೇಟೆ ದಾಟಿ ಮೆರವಣಿಗೆಯಲ್ಲಿ ಹೋದರು. ಕಟೌಟಿಗೆ ಹಾರ ಹಾಕಿ, ಬೂದುಗುಂಬಳಕಾಯಿ ಒಡೆದು, ಕರ್ಪೂರ ಹಚ್ಚಿದರು. ಆಗ ಆಂಜಿನಯ್ಯ ಸೊಣ್ಣಪ್ಪನ ಪಕ್ಕೆ ತಿವಿದ.

“ಮಚ್ಚಾ, ಬಾಗಿಲ ಹತ್ರ ನೋಡೋ!”

ಟಾಕೀಸಿನ ಬಾಗಿಲ ಪಕ್ಕದಲ್ಲಿ ಭೈರ ನಿಂತಿದ್ದ. ಅದೇ ಕರಿ ಚರ್ಮದ ಅಂಗಿ, ತೋಳಿಗೆ ಮಿರಮಿರ ಮಿಂಚುವ ತಗಡಿನ ಪಟ್ಟಿ, ಮುಖಕ್ಕೆ ಅದೇ ಮುಖವಾಡ. ಬಾಗಿಲಷ್ಟೇ ಅಗಲದ ಎದೆ.

“ಹೀರೋನೇ ಬಂದಿದಾನಂತೆ ಗುರು. ಮ್ಯಾನೇಜರ್ ಹೇಳ್ತಿದ್ರು. ಮಾತಾಡಲ್ವಂತೆ, ಜನ ಮುತ್ಕೊಂಡ್ಬಿಡ್ತಾರೆ ಅಂತ.”

ಸೊಣ್ಣಪ್ಪ ಹಿಂದೆಮುಂದೆ ನೋಡದೆ ಹೋಗಿ ಕಾಲು ಮುಟ್ಟಿದ. ಮುಖವಾಡದವನು ತಡವರಿಸಿ ಅವನ ತಲೆಯ ಮೇಲೆ ಕೈಯಿಟ್ಟ. ಭಾರವಾದ, ಬೆಚ್ಚಗಿನ ಕೈ. ಸೊಣ್ಣಪ್ಪನ ಕಣ್ಣು ತುಂಬಿ ಬಂತು.

ಆಟ ಶುರುವಾಯಿತು. ಮಧ್ಯಂತರದವರೆಗೆ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಭೈರ ಜಮೀನ್ದಾರನ ಬಂಗಲೆಗೆ ನುಗ್ಗಿ ಮುದುಕನ ಕುತ್ತಿಗೆಗೆ ಕೈ ಹಾಕುತ್ತಾನೆ; ಎಳೆದಾಟದಲ್ಲಿ ಭೈರನ ಅಂಗಿ ಹರಿದು ಎದೆಯ ಮಚ್ಚೆ ಕಾಣುತ್ತದೆ. ಮುದುಕ ಬೆಚ್ಚಿ, “ಮೊಮ್ಮಗನೇ!” ಎಂದು ತಬ್ಬಿಕೊಳ್ಳುತ್ತಾನೆ. ಚಿಕ್ಕಂದಿನಲ್ಲಿ ಜಾತ್ರೆಯಲ್ಲಿ ಕಳೆದುಹೋದ ಮನೆತನದ ಕುಡಿಯಂತೆ ಭೈರ.

“ಅದಕ್ಕೇ ಕಣೋ ನಿನಗೆ ಈ ಶಕ್ತಿ! ಉಕ್ಕು ನಮ್ಮ ವಂಶದ ರಕ್ತದಲ್ಲೇ ಇದೆ. ಕೂಲಿಯವನ ಮೈಯಲ್ಲಿ ಎಲ್ಲಿಂದ ಬರಬೇಕು?” ಎಂದ ಮುದುಕ.

ಭೈರ ಅವನ ಕಾಲಿಗೆ ಬಿದ್ದ. ಭೈರನನ್ನು ಸಾಕಿದ, ಕಲ್ಲಿದ್ದಲು ಹೊರುವ ಮುದುಕಿ ಅಂಗಳದಲ್ಲಿ ಕೈಮುಗಿದು ನಿಂತು, “ಧಣಿಗಳೇ, ನಿಮ್ಮ ಸೊತ್ತು ನಿಮಗೆ ಸೇರಿತು” ಎಂದಳು. ಭೈರ ಅವಳ ಕಡೆ ತಿರುಗಿಯೂ ನೋಡದೆ ರೇಷ್ಮೆ ಶಲ್ಯ ಹೊದ್ದು ಮೆಟ್ಟಿಲು ಹತ್ತಿದ.

ಟಾಕೀಸಿನಲ್ಲಿ ಒಂದು ಶಿಳ್ಳೆಯೂ ಬೀಳಲಿಲ್ಲ. ಪರದೆಯ ಮೇಲಿನ ಮುದುಕಿಯಲ್ಲಿ ಸೊಣ್ಣಪ್ಪನಿಗೆ ಕಂಡದ್ದು ಅಂಜಿನಮ್ಮ. ಸೆರಗಿನಲ್ಲಿ ಕೊಡ ಒರೆಸುವ ಅಂಜಿನಮ್ಮ. ಭೈರ ತಮ್ಮವನಲ್ಲ. ಎಂದೂ ತಮ್ಮವನಾಗಿರಲಿಲ್ಲ.

“ಮೋಸ!” ಎಂದು ಅವನು ಎದ್ದು ನಿಂತ. ಕಾಲಿನ ಚಪ್ಪಲಿ ಕಿತ್ತು ಪರದೆಗೆ ಎಸೆದ. ಅದು ರೇಷ್ಮೆ ಶಲ್ಯದ ನಡುಬೆನ್ನಿಗೆ ಬಿತ್ತು.

ಅಷ್ಟೇ ಸಾಕಾಗಿತ್ತು. ಚಪ್ಪಲಿಗಳ ಮಳೆ ಸುರಿಯಿತು. ಬ್ಲೇಡುಗಳು ಸೀಟು ಸೀಳಿದವು, ತೆಂಗಿನ ನಾರು ಗಾಳಿಗೆ ಹಾರಿತು. ಸೋಡಾ ಬಾಟಲಿಯೊಂದು ಪರದೆ ಹರಿದುಕೊಂಡು ಹೋಗಿ ಹಿಂದಿನ ಗೋಡೆಗೆ ಸಿಡಿಯಿತು. ಹೆಂಗಸರ ಕಡೆಯಿಂದ ಚೀರಾಟ. ಚಿತ್ರ ನಿಂತು ದೀಪ ಹತ್ತಿದಾಗ, ಪಕ್ಕದ ಬಾಗಿಲಿನಿಂದ ಟಾಕೀಸಿನವರು ಸಾಕಿಕೊಂಡಿದ್ದ ಪುಂಡರು ಸೈಕಲ್ ಚೈನು, ದೊಣ್ಣೆ ಹಿಡಿದು ನುಗ್ಗಿದರು. ಯಾರು ಎಸೆದರು, ಯಾರು ಸುಮ್ಮನೆ ಕೂತಿದ್ದರು ಎಂದು ಅವರು ನೋಡಲಿಲ್ಲ. ಕೈಗೆ ಸಿಕ್ಕವರನ್ನು ಬಡಿದರು. ಚೈನಿನ ತುದಿ ಸೊಣ್ಣಪ್ಪನ ಹುಬ್ಬಿಗೆ ಬಡಿದು ಚರ್ಮ ಸೀಳಿತು. ಒಂದು ಕಣ್ಣಿಗೆ ರಕ್ತ ಇಳಿದು ಲೋಕವೆಲ್ಲ ಕೆಂಪಾಯಿತು. ಅವನು ಮುರಿದ ಕುರ್ಚಿಯ ಕೈ ಕಿತ್ತು, ಚೈನು ಹಿಡಿದವನ ಬಾಯಿಗೆ ಬೀಸಿದ. ಹಲ್ಲು ಉದುರಿದ್ದು ಕೇಳಿಸಿತು. ಅವನಿಗೆ ಹಿತವೆನಿಸಿತು. ಬಿದ್ದವನನ್ನು ತುಳಿದುಕೊಂಡೇ ಅವನು ಬಾಗಿಲ ಕಡೆ ನುಗ್ಗಿದ. ಚೈನು ಎತ್ತಿಕೊಂಡ ಆಂಜಿನಯ್ಯ ಅವನ ಹಿಂದೆ.

ಹೊರಗೆ ಮುಖವಾಡದವನು ಇನ್ನೂ ನಿಂತಿದ್ದ. ಜನ ಒಬ್ಬರ ಮೇಲೊಬ್ಬರು ಬೀಳುವುದನ್ನು ಕಂಡು, ತಡೆಯಲೆಂದೋ ಏನೋ, ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ಬಂದ.

“ನಮ್ಮನ್ನ ಮಾರ್ಕೊಂಡ್ಬಿಟ್ಯಲ್ಲೋ!” ಎಂದು ಕೂಗಿ ಸೊಣ್ಣಪ್ಪ ಅವನ ಭುಜಕ್ಕೆ ಹೊಡೆದ.

ಎರಡನೇ ಏಟಿಗೆ ಅವನು ಸೊಣ್ಣಪ್ಪನ ಮಣಿಕಟ್ಟು ಹಿಡಿದು, ಅರೆಕ್ಷಣದಲ್ಲಿ ಎತ್ತಿ ಕಲ್ಲುನೆಲಕ್ಕೆ ಅಪ್ಪಳಿಸಿದ. ಸೊಣ್ಣಪ್ಪನ ಉಸಿರೇ ನಿಂತಿತು. ಮೇಲೆ ಬಿದ್ದ ಇನ್ನಿಬ್ಬರನ್ನೂ ಆ ಮನುಷ್ಯ ಹುಲ್ಲಿನ ಹೊರೆಯಂತೆ ಎಸೆದ. ಆದರೆ ಬಂದವರು ಇಪ್ಪತ್ತು ಮಂದಿ. ಆಂಜಿನಯ್ಯ ಹಿಂದಿನಿಂದ ಹೋಗಿ ಮಂಡಿಗೆ ಚೈನು ಬೀಸಿದ. ಒಣ ಸೌದೆ ಮುರಿದ ಹಾಗೆ ಶಬ್ದವಾಯಿತು. ಭೈರ ಕುಸಿದ. ಆಮೇಲೆ ಕಾಲುಗಳೇ ಕಾಲುಗಳು; ಪಕ್ಕೆಗೆ, ಬೆನ್ನಿಗೆ, ತಲೆಗೆ.

ಸೊಣ್ಣಪ್ಪ ಎದ್ದು, ಜನರ ಕಾಲುಗಳ ನಡುವೆ ತೂರಿ, ಅವನ ಎದೆಯ ಮೇಲೆ ಕೂತ. “ಮುಖ ತೋರ್ಸೋ!” ಎಂದು ಮುಖವಾಡ ಕಿತ್ತ.

ಅದು ಹೀರೋನ ಮುಖವಲ್ಲ. ನರೆತ ಮೀಸೆ, ಕುಸ್ತಿಯಲ್ಲಿ ಜಜ್ಜಿ ಮುದುಡಿದ ಕಿವಿ, ರಕ್ತ ತುಂಬಿದ ಬಾಯಿ. ಓಕಳಿಪುರಂನ ರೈಲ್ವೆ ಗೇಟಿನ ಹತ್ತಿರ ಗರಡಿ ನಡೆಸುವ ಮುನಿರಾಮಪ್ಪ. ಒಂದು ದಿನದ ಕೂಲಿಗೆ ವೇಷ ಹಾಕಿಕೊಂಡು ಬಂದಿದ್ದ.

“ಹೊಡೀಬೇಡ್ರಪ್ಪಾ,” ಎಂದ ಮುದುಕ. “ನಂಗೇನೂ ಗೊತ್ತಿಲ್ಲ. ನಾನು ಆ ಪಿಚ್ಚರ್ ನೋಡೇ ಇಲ್ಲ.”

ಸೊಣ್ಣಪ್ಪನ ಕೈ ಮೇಲೆಯೇ ನಿಂತುಬಿಟ್ಟಿತು.

“ಏಯ್ ನಿಲ್ಸ್ರೋ! ಇವ್ರು ನಮ್ಮ ಗರಡಿ ಮುನಿರಾಮಪ್ಪನವರು ಕಣ್ರೋ!” ಎಂದು ಅವನು ಕೂಗಿದ.

ಯಾರು ಕೇಳುತ್ತಾರೆ? ಹಿಂದಿದ್ದವರಿಗೆ ಕಾಣುತ್ತಿದ್ದದ್ದು ಕರಿ ಅಂಗಿ ಮಾತ್ರ. ಸೊಣ್ಣಪ್ಪ ಮುದುಕನ ಮೇಲೆ ಕವುಚಿ ಮಲಗಿದ. ಒದೆತಗಳು ಈಗ ಅವನ ಬೆನ್ನಿಗೆ ಬಿದ್ದವು. ಚೈನು ಒಂದು ಸಲ ಬಿತ್ತು, ಎರಡನೇ ಸಲ ಬಿತ್ತು.

“ಏಳೋ ಮಚ್ಚಾ! ಯಾರಾದ್ರೇನು, ಅವ್ರ ಕಡೆ ನಿಂತಿದ್ದಾನಲ್ಲ!” ಎಂದ ಆಂಜಿನಯ್ಯ.

ಅವನ ಕಣ್ಣಲ್ಲಿ ಸಿನಿಮಾ ಇರಲಿಲ್ಲ, ಭೈರನೂ ಇರಲಿಲ್ಲ. ಹೊಡೆಯುವ ಖುಷಿ ಇತ್ತು. ಸ್ವಲ್ಪ ಹೊತ್ತಿಗೆ ಮುಂಚೆ ಹಲ್ಲು ಉದುರಿದ ಸದ್ದಿಗೆ ತನಗೂ ಹಿತವಾಗಿದ್ದು ಸೊಣ್ಣಪ್ಪನಿಗೆ ಗೊತ್ತಿತ್ತು. ಮೂರನೇ ಸಲ ಚೈನು ಮೇಲೇಳುತ್ತಿದ್ದಂತೆ ಅವನು ಎದ್ದು ಗೆಳೆಯನ ಮೇಲೆ ಬಿದ್ದ. ಹಣೆಯಿಂದ ಅವನ ಮೂಗಿಗೆ ಗುದ್ದಿದ. ಮೂಗು ಮುರಿಯಿತು. ಆಂಜಿನಯ್ಯ ಅವನ ಗಂಟಲು ಹಿಡಿದ. ಸೊಣ್ಣಪ್ಪ ಅವನ ಮಣಿಕಟ್ಟನ್ನು ರಕ್ತ ಬರುವ ತನಕ ಕಚ್ಚಿದ. ಹೊರಳಾಡುತ್ತ ಇಬ್ಬರೂ ಕಟೌಟಿನ ಬುಡಕ್ಕೆ ಹೋಗಿ ಬಿದ್ದರು. ಅಷ್ಟರಲ್ಲಿ ಪೊಲೀಸರು ಬಂದರು. ಅವರ ಲಾಠಿಗಳಿಗೂ ಭೇದಭಾವವಿರಲಿಲ್ಲ. ತಲೆ ಉಳಿಸಿಕೊಳ್ಳಲು ಅಡ್ಡ ಹಿಡಿದ ಸೊಣ್ಣಪ್ಪನ ಎಡಗೈಯ ಎರಡು ಬೆರಳು ಮುರಿದವು. ಜನ ಚೆದುರುವ ಗಲಾಟೆಯಲ್ಲಿ ಅವನು ಮುನಿರಾಮಪ್ಪನನ್ನು ಬಗಲಿಗೆ ಹಾಕಿಕೊಂಡು ಎಳೆದುಕೊಂಡೇ ರಸ್ತೆಗೆ ಬಂದು, ಒಂದು ಜಟಕಾ ನಿಲ್ಲಿಸಿ ಆಸ್ಪತ್ರೆಗೆ ಸೇರಿಸಿದ.

ಮಾರನೆಯ ದಿನ ಕೈಗೆ ಪಟ್ಟಿ ಕಟ್ಟಿಕೊಂಡು ಅವನು ವಾರ್ಡಿಗೆ ಹೋದಾಗ ಮುನಿರಾಮಪ್ಪನ ಕಾಲು ಮರದ ಪಟ್ಟಿಗಳ ನಡುವೆ ಇತ್ತು. ಹೆಂಡತಿ ಸಿದ್ದಮ್ಮ ಪಕ್ಕದಲ್ಲಿ ಗಂಜಿ ಕುಡಿಸುತ್ತಿದ್ದಳು. ಗಂಡನನ್ನು ಉಳಿಸಿದವನು ಇವನೇ ಎಂದು ನರ್ಸಮ್ಮ ಹೇಳಿದ್ದಳು. ಸಿದ್ದಮ್ಮ ಎದ್ದು ಕೈಮುಗಿದಳು.

“ಮುಗೀಬೇಡಿ ಅಮ್ಮಾ,” ಎಂದ ಸೊಣ್ಣಪ್ಪ. “ಮೊದಲನೇ ಏಟು ಹೊಡ್ದೋನು ನಾನೇ.”

ಸಿದ್ದಮ್ಮನ ಮುಗಿದ ಕೈ ಬಿಚ್ಚಿಕೊಂಡಿತು. ಅವನ ಕೆನ್ನೆಗೆ ಬೀಸಿ ಬಾರಿಸಿದಳು. ಹುಬ್ಬಿನ ಹೊಲಿಗೆ ಬಿಚ್ಚಿ ರಕ್ತ ಒಸರಿತು. ಎರಡನೇ ಸಲ ಕೈಯೆತ್ತಿದವಳನ್ನು ಮುನಿರಾಮಪ್ಪ ಸೆರಗು ಹಿಡಿದು ನಿಲ್ಲಿಸಿದ.

“ಯಾಕಪ್ಪಾ ಹೊಡ್ದೆ ನನ್ನ?” ಎಂದು ಕೇಳಿದ. ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದ.

ಸೊಣ್ಣಪ್ಪ ನಿಂತುಕೊಂಡೇ ಹೇಳಿದ. ಮಚ್ಚೆ, ಮೊಮ್ಮಗ, ರೇಷ್ಮೆ ಶಲ್ಯ, ಅಂಗಳದ ಮುದುಕಿ. ಹೇಳುತ್ತ ಹೇಳುತ್ತ ಅವನಿಗೇ ನಾಚಿಕೆಯಾಯಿತು. ಒಂದು ಕಾಲು ಮುರಿಯುವಷ್ಟು ದೊಡ್ಡದೇನೂ ಅದರಲ್ಲಿ ಇರಲಿಲ್ಲ. ಆದರೂ ಸಿಟ್ಟು ಪೂರ್ತಿ ಆರಿರಲೂ ಇಲ್ಲ.

“ಮೊದಲನೇದು ಚೆನ್ನಾಗಿತ್ತಾ?” ಎಂದ ಮುನಿರಾಮಪ್ಪ.

“ಹೂಂ,” ಎಂದ ಸೊಣ್ಣಪ್ಪ. “ಅದು ಚೆನ್ನಾಗಿತ್ತು.”

“ಅದನ್ನ ಹೇಳು ಹಾಗಾದ್ರೆ. ಹೆಂಗೂ ಮಲಗಿದೀನಲ್ಲ.”

ಸಿಡಿಲು ಬಡಿಯುವಲ್ಲಿಂದ ಸೊಣ್ಣಪ್ಪ ಶುರುಮಾಡಿದ. ಪಕ್ಕದ ಮಂಚದವರೂ ಈ ಕಡೆ ಹೊರಳಿದರು. ಕಥೆ ಇನ್ನೂ ಮುಗಿದಿರಲಿಲ್ಲ, ಹೇಳಿಕೆ ತೆಗೆದುಕೊಳ್ಳಲು ಬಂದ ಪೊಲೀಸಿನವನು ಬಾಗಿಲಲ್ಲಿ ನಿಂತ. ಹೊಡೆದವರು ಯಾರೆಂದು ಕೇಳಿದಾಗ ಮುನಿರಾಮಪ್ಪ ಗುರುತು ಸಿಗಲಿಲ್ಲವೆಂದ. ಸೊಣ್ಣಪ್ಪ ತನ್ನ ಹೆಸರು ತಾನೇ ಹೇಳಿದ.

ನಾಲ್ಕು ತಿಂಗಳು ಒಳಗಿದ್ದು ಬಂದ. ಆ ಹೊತ್ತಿಗೆ ಗಜಲಕ್ಷ್ಮಿಗೆ ಹೊಸ ಪರದೆ ಬಂದಿತ್ತು, ಎರಡನೇ ಭಾಗ ಬೇರೆ ಕಡೆಗಳಲ್ಲಿ ಐವತ್ತು ದಿನ ಓಡಿತ್ತು. ಸೊಟ್ಟ ಮೂಗಿನ ಆಂಜಿನಯ್ಯ ಇನ್ನೊಬ್ಬ ಹೀರೋನ ಸಂಘ ಕಟ್ಟಿದ್ದ. ಎದುರಿಗೆ ಸಿಕ್ಕರೆ ಮುಖ ತಿರುಗಿಸಿ ಹೋಗುತ್ತಿದ್ದ. ಪ್ರೆಸ್ಸಿನವರು ಸೊಣ್ಣಪ್ಪನನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ. ಮಡಿಸಲಾಗದ ಬೆರಳಿನವನಿಗೆ ಆ ಕೆಲಸ ಆಗುತ್ತಲೂ ಇರಲಿಲ್ಲ. ರೈಲ್ವೆ ಗೂಡ್ಸ್ ಷೆಡ್ಡಿನಲ್ಲಿ ಮೂಟೆ ಹೊರಲು ಸೇರಿದ.

ಮುನಿರಾಮಪ್ಪನಿಗೆ ಮಂಡಿ ಮತ್ತೆ ಮಡಿಸಲು ಬರಲಿಲ್ಲ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುನ್ನ ಸೊಣ್ಣಪ್ಪ ಅವನ ಮನೆಗೆ ಹೋಗಿ, ಭುಜ ಕೊಟ್ಟು ಗರಡಿಗೆ ಕರೆತಂದು ಸ್ಟೂಲಿನ ಮೇಲೆ ಕೂರಿಸಿ, ಕೆಮ್ಮಣ್ಣು ಅಗೆದು ಹದ ಮಾಡಿಕೊಡುತ್ತಿದ್ದ. ಮುದುಕ ಕೂತಲ್ಲಿಂದಲೇ ಹುಡುಗರಿಗೆ ಪಟ್ಟು ಹೇಳಿಕೊಡುತ್ತಿದ್ದ, ಬೈಯುತ್ತಿದ್ದ, ಒಮ್ಮೊಮ್ಮೆ ಸೊಣ್ಣಪ್ಪನಿಗೂ ಬೈಯುತ್ತಿದ್ದ.

ಸಿದ್ದಮ್ಮ ಮಾತ್ರ ಬಾಗಿಲು ತೆಗೆದು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದಳು. ಅವನ ಜೊತೆ ಒಂದು ಮಾತೂ ಆಡಲಿಲ್ಲ. ಅವನೂ ಮಾತಾಡಿಸಲಿಲ್ಲ.