ಬ್ಯಾರನ್ನಿನ ಕಾವಲು

“ದಂಟು ಒಣಗೋ ಹೊತ್ತು ಇದು. ಶಾಖ ಇಳೀಲೂಬಾರ್ದು, ಏರ್ಲೂಬಾರ್ದು,” ಎನ್ನುತ್ತ ಲೂರ್ದಮ್ಮ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಯ ಬಾಯಿಗೆ ಇನ್ನೊಂದು ಕೊರಡು ನೂಕಿ ಸೆರಗಿಗೆ ಕೈ ಒರೆಸಿಕೊಂಡಳು. ಉಟ್ಟಿರುವುದು ಹಬ್ಬದ ಸೀರೆಯೆಂಬುದು ಮಸಿ ಹತ್ತಿದ ಮೇಲೆ ನೆನಪಾಯಿತು.

“ನಂಗೇ ಯೋಳ್ಕೊಡ್ತೀಯಾ ಅತ್ಗೆ?” ಎಂದು ಮೈದುನ ಚೌರಪ್ಪ ನಕ್ಕ. ನಕ್ಕರೂ ಅವಳ ಮುಖ ನೋಡಲಿಲ್ಲ.

ಆಚೆ ಬೈಕಿನ ಮೇಲೆ ಅವಳ ಗಂಡ ಇನ್ನಾಸಪ್ಪ ಕಾಯುತ್ತಿದ್ದ. ಮುಂದೆ ಬಿಳಿ ಫ್ರಾಕು ತೊಟ್ಟ ಮಗಳು ಜೆನ್ನಿ. “ಓದೊರ್ಸವೂ ಇವ್ನೇ ಕಣೆ ಕಾವಲಿದ್ದುದ್ದು. ಕುಡ್ದು ಬಿದ್ಕಂಡ. ಸೊಪ್ಪು ಬಿಸಿ ಕೊಳವೆ ಮ್ಯಾಲೆ ಉದುರಿ ಬ್ಯಾರನ್ನೇ ಉರ್ದೋಯ್ತು. ಮತ್ತೆ ಇವ್ನ ಕೈಗೇ ಕೊಡ್ತಿದೀಯಲ್ಲ!” ಎಂದ ಅಲ್ಲಿಂದಲೇ.

ಅದು ಸುಳ್ಳಲ್ಲ. ಕುಡಿತ ಬಿಡಿಸಲೆಂದು ಮೈಸೂರಿನ ಆಸ್ಪತ್ರೆಗೆ ಎರಡು ಸಲ ಸೇರಿಸಿದಾಗಲೂ ಚೌರಪ್ಪ ಗೋಡೆ ಹಾರಿ ಬಂದಿದ್ದ. ಬ್ಯಾರನ್ ಉರಿದ ಮೇಲೆ ಊರಿನಲ್ಲಿ ಅವನ ಕೈಗೆ ಒಂದು ದನದ ಹಗ್ಗವನ್ನೂ ಯಾರೂ ಕೊಡುತ್ತಿರಲಿಲ್ಲ. ಲೂರ್ದಮ್ಮ ಮಾತ್ರ ಅವನ ಗುಡಿಸಲಿಗೆ ಊಟ ಕಳಿಸುವುದನ್ನು ನಿಲ್ಲಿಸಿರಲಿಲ್ಲ.

ಹೊಗೆಸೊಪ್ಪು ಬೇಯುವಾಗ ಬೆಂಕಿಯನ್ನು ಒಂಟಿಯಾಗಿ ಬಿಡುವಂತಿಲ್ಲ. ಹಾಗಾಗಿ ಈ ಕಾಲದಲ್ಲಿ ಗಂಡ ಹೆಂಡಿರಲ್ಲಿ ಒಬ್ಬರು ಭಾನುವಾರದ ಪೂಜೆ ತಪ್ಪಿಸಿ ಬ್ಯಾರನ್ ಕಾಯುತ್ತಿದ್ದರು. ಆದರೆ ಇವತ್ತು ಮಾತೆ ಮರಿಯಮ್ಮನ ಹುಟ್ಟುಹಬ್ಬ, ಜೆನ್ನಿ ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುವ ದಿನ. ಪಕ್ಕದ ಹೊಲದ ಚಿಕ್ಕಮಾದಯ್ಯನನ್ನು ಕೂರಿಸೋಣವೆಂದರೆ ಮುದುಕನ ಕಣ್ಣು ಮಂಜು, ಥರ್ಮಾಮೀಟರಿನ ಗೆರೆ ಕಾಣದು.

“ಯೇಸುಸ್ವಾಮಿ ನಮ್ಮನ್ನ ಎಷ್ಟ್ ಸಲ ನಂಬವ್ನೆ. ನಾವು ಇವ್ನನ್ನ ಒಂದು ಬೆಳಿಗ್ಗೆ ನಂಬಾಕಾಗಲ್ವಾ?” ಎಂದಳು ಲೂರ್ದಮ್ಮ.

“ಯೇಸುಸ್ವಾಮಿಗೆ ಬ್ಯಾರನ್ ಇರ್ಲಿಲ್ಲ ಕಣೆ.”

ಮೊದಲು ನಕ್ಕವನು ಚೌರಪ್ಪನೇ.

ಚರ್ಚಿನಲ್ಲಿ ಜೆನ್ನಿ ಪ್ರಸಾದ ತೆಗೆದುಕೊಂಡು ಕೈಮುಗಿದು ಹಿಂತಿರುಗುತ್ತಿದ್ದಳು. ಹಾಡು ಇನ್ನೂ ನಡೆದಿತ್ತು. ಲೂರ್ದಮ್ಮನ ಮೂಗಿಗೆ ಹೊಗೆಯ ವಾಸನೆ ಬಡಿಯಿತು. ಹೆಂಗಸರ ಕಡೆಯ ಬಾಗಿಲಲ್ಲಿ ಚೌರಪ್ಪ ನಿಂತಿದ್ದ, ಬರಿಗಾಲು, ಮೈತುಂಬ ಬೂದಿ. ಸಾಲು ಸಾಲಾಗಿ ತಲೆಗಳು ತಿರುಗಿದವು. “ಈ ಸಲವೂ ಸುಟ್ಟಾಕ್ಬುಟ್ಟ,” ಎಂದು ಯಾರೋ ಗೊಣಗಿದರು. ಗಂಡಸರ ಸಾಲಿನಲ್ಲಿ ಇನ್ನಾಸಪ್ಪ ದಡಕ್ಕನೆ ಎದ್ದ. ಕೂರಿ ಎಂದು ಕೈಸನ್ನೆ ಮಾಡಿ ಲೂರ್ದಮ್ಮ ಹೊರಗೆ ಬಂದಳು.

“ಏನೂ ಆಗಿಲ್ಲ ಅತ್ಗೆ,” ಎಂದ ಚೌರಪ್ಪ. “ಬ್ರಾಂದಿ ಅಂಗ್ಡಿ ಬಾಗ್ಲು ತೆಗ್ದವ್ರೆ. ಮನ್ಸೆಲ್ಲ ಅತ್ಲಾಗೇ ಎಳೀತೈತೆ. ಚಿಕ್ಕಮಾದಯ್ಯನ್ನ ಕೂರ್ಸಿ ಬಂದಿವ್ನಿ. ನನ್ ಕೈಲಾಗಾಕಿಲ್ಲ, ನಿಮ್ಮ ಬೆಂಕಿ ನೀವೇ ನೋಡ್ಕಳಿ.”

ಅವನ ಬಾಯಿಂದ ಬರುತ್ತಿದ್ದುದು ಬರೀ ಕಟ್ಟಿಗೆ ಹೊಗೆಯ ವಾಸನೆ, ಬ್ರಾಂದಿಯದಲ್ಲ. ಲೂರ್ದಮ್ಮ ಅವನ ಬೂದಿ ಮೆತ್ತಿದ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು.

“ಓದೊರ್ಸ ಇಂಗೆ ಬಂದು ಯೋಳಿದ್ಯಾ?”

“ಇಲ್ಲ.”

“ಈ ವರ್ಸ ಯೋಳ್ದೆ. ಈಗ ಓಗು. ಆ ಮುದ್ಕ ಸೌದೆ ಇಡಾಕೆ ಜಿಪುಣ, ಶಾಖ ಇಳಿಸ್ಬುಡ್ತಾನೆ.”

“ಅಂಗ್ಡಿ ಮುಂದ್ಲೇ ಓಗ್ಬೇಕು ಅತ್ಗೆ.”

“ಮುಂದ್ಲೇ ಓಗು.”

ಅವನು ಮೆಟ್ಟಿಲಿಳಿದ. ಲೂರ್ದಮ್ಮ ತಿರುಗಿ ನೋಡದೆ ಒಳಗೆ ಹೋಗಿ ಮಗಳ ಪಕ್ಕ ಮೊಣಕಾಲೂರಿದಳು.

ಪೂಜೆ ಮುಗಿದದ್ದೇ ಇನ್ನಾಸಪ್ಪ ಓಡಿಬಂದ. “ಯಾವ ಕಡೆ ಓದ?”

“ಇರೋದೇ ಒಂದು ರಸ್ತೆ.”

ಚರ್ಚಿನ ಮೆಟ್ಟಿಲ ಮೇಲಿಂದ, ತೆಂಗಿನ ತಲೆಗಳ ಆಚೆ, ಬ್ಯಾರನ್ನಿನ ಹೊಗೆ ಕಾಣುತ್ತಿತ್ತು. ಬೀಡಿಯ ಹೊಗೆಯಷ್ಟು ಸಣ್ಣಗೆ, ಇನ್ನೇನು ನಿಂತೇಹೋಗುವಂತೆ. “ನೋಡು, ಆರೋಗ್ತಾ ಐತೆ,” ಎಂದು ಇನ್ನಾಸಪ್ಪ ಬೈಕಿನತ್ತ ಧಾವಿಸಿ ಕಿಕ್ಕರ್ ಒದ್ದ. ಹೆಂಗಸರು ಜೆನ್ನಿಯ ಕೆನ್ನೆ ಹಿಂಡಿ ಮುತ್ತಿಡುತ್ತಿದ್ದರು. ಯಾರೋ ಲಾಡಿನ ತಟ್ಟೆ ಮುಂದೆ ಹಿಡಿದರು.

ಬೈಕು ಶುರುವಾಯಿತು, ಆದರೆ ಹೊರಡಲಿಲ್ಲ. ತೆಂಗಿನ ಮರಗಳ ಮೇಲೆ ಹೊಗೆ, ಒಲೆಗೆ ಹೊಸ ಕೊರಡು ಬಿದ್ದಾಗ ಏಳುವಂತೆ, ದಪ್ಪಗೆ, ನೆಟ್ಟಗೆ ಏಳುತ್ತಿತ್ತು. ಇನ್ನಾಸಪ್ಪ ಅದನ್ನೇ ದಿಟ್ಟಿಸಿದ.

“ಆ ಮುದ್ಕ ಅಷ್ಟು ಸೌದೆ ಇಡೋನಲ್ಲ,” ಎಂದುಕೊಂಡು ಬೈಕ್ ಆರಿಸಿದ.

ಲೂರ್ದಮ್ಮ ತಟ್ಟೆಯಿಂದ ಇನ್ನೂ ಒಂದು ಲಾಡು ತೆಗೆದುಕೊಂಡು, ಮಸಿ ಹತ್ತಿದ ಸೆರಗಿನ ತುದಿಯಲ್ಲಿ ಗಂಟು ಕಟ್ಟಿದಳು.