ಸಾರಿಗೆ ಮಂತ್ರಿ ಕೊಟ್ಟ ಕೆಟ್ಟ ಪುಸ್ತಕ

ಸೈಕಲ್ಲನ್ನೂ ತುಳಿಯಲು ಬಾರದ, ಬಸ್ಸು ಹತ್ತಿದರೆ ಎರಡನೆಯ ನಿಲ್ದಾಣಕ್ಕೇ ಹೊಟ್ಟೆ ತೊಳಸಿ ಇಳಿದುಬಿಡುವ ಆ ಮನುಷ್ಯನನ್ನು ನಮ್ಮ ಬೀದಿಯವರೆಲ್ಲ ‘ಸಾರಿಗೆ ಮಂತ್ರಿ’ ಎಂದೇ ಕರೆಯುತ್ತಿದ್ದರು. ರೈಲು, ಹಡಗು, ವಿಮಾನ, ಯುದ್ಧ – ಇವುಗಳ ಇತಿಹಾಸವನ್ನು ಬಿಟ್ಟು ಬೇರೆ ಯಾವ ಪುಸ್ತಕವನ್ನೂ ಅವರು ತಮ್ಮ ಅಂಗಡಿಯೊಳಗೆ ಬಿಟ್ಟುಕೊಂಡವರಲ್ಲ. ಆ ಇಕ್ಕಟ್ಟಿನ ಅಂಗಡಿಯಲ್ಲಿ, ಓಡುವ ರೈಲಿನಲ್ಲಿ ನಡೆಯುವವರಂತೆ ಕಾಲು ಅಗಲಿಸಿ, ಒಂದು ಕೈಯನ್ನು ಸದಾ ಕಪಾಟಿನ ಅಂಚಿಗೆ ಆನಿಸಿ ಅವರು ಓಡಾಡುತ್ತಿದ್ದರು. ಮೊಣಕೈ ಸವೆದ ಕಂದು ಕೋಟಿನ ಜೇಬುಗಳು ಪುಸ್ತಕದ ಭಾರಕ್ಕೆ ಜೋತು ಮಂಡಿಯವರೆಗೂ ಇಳಿದಿದ್ದವು.

“ನಮ್ಮೆಜಮಾನ್ರಿಗೆ ಯಾವ ಹಡಗು ಯಾವ ಸಮುದ್ರದಲ್ಲಿ ಮುಳುಗ್ತು ಅಂತ ಗೊತ್ತು, ಕೊಡೆ ಎಲ್ಲಿಟ್ರಿ ಅಂತ ಕೇಳಿ ನೋಡಿ!” ಎಂದು ಅವರ ಹೆಂಡತಿ ಗಿರಾಕಿಗಳೆದುರೇ ಛೇಡಿಸುತ್ತಿದ್ದರು. ಅವರು “ಅದಿರ್ಲಿ” ಎನ್ನುತ್ತಿದ್ದರು. ಹೊಗಳಿಕೆ, ತೆಗಳಿಕೆ, ಚೌಕಾಸಿ, ಎಲ್ಲಕ್ಕೂ ಅವರದು ಅದೊಂದೇ ಉತ್ತರ.

ಪುಸ್ತಕ ಕೇಳಿದರೆ ಸಾಕು, ವೈದ್ಯರು ರೋಗಿಯನ್ನು ಕೇಳುವಂಥ ವಿಚಾರಣೆ ಶುರುವಾಗುತ್ತಿತ್ತು: ಓದುವವರು ಯಾರು, ಕೋಪಿಷ್ಠರೋ, ನಿದ್ದೆ ಚೆನ್ನಾಗಿ ಬರುತ್ತದೋ? ಮುಖಪುಟದಲ್ಲಿ ಫಿರಂಗಿಯಿರುವ ದಪ್ಪ ಪುಸ್ತಕವೊಂದು ಹಜಾರದ ಅಲಂಕಾರಕ್ಕೆ ಬೇಕೆಂದ ಶ್ರೀಮಂತರೊಬ್ಬರಿಗೆ, “ಇಟ್ಟಿಗೆ ಪಕ್ಕದ ಬೀದೀಲಿ ಸಿಗುತ್ತೆ ಸ್ವಾಮಿ” ಎಂದು ದಾರಿ ತೋರಿಸಿದ್ದನ್ನು ನಾನೇ ಕಂಡಿದ್ದೇನೆ. ಕಳಪೆ ಪುಸ್ತಕ ತಮ್ಮ ಕೈಯಿಂದ ಯಾರ ಮನೆಗೂ ಹೋಗಲಿಲ್ಲವೆಂಬುದು ಅವರ ಬಾಳಿನ ಏಕೈಕ ಅಹಂಕಾರ.

ನಾನು ಅವರಲ್ಲಿಗೆ ಹೋದದ್ದು ಅಪ್ಪನಿಗಾಗಿ. ಅಪ್ಪ ಯೌವನದಲ್ಲಿ ಸೈನ್ಯದ ಲಾರಿ ಓಡಿಸುತ್ತ, ಯುದ್ಧಕಾಲದಲ್ಲಿ ಬೆಟ್ಟದ ಕಣಿವೆಗಳಲ್ಲಿ ಸಾಮಾನು, ಜನ ಸಾಗಿಸಿದವರು. ಆ ದಿನಗಳ ಬಗ್ಗೆ ಏನು ಕೇಳಿದರೂ “ಹೇಳೋಕೇನಿದೆ? ಗಾಡಿ ಓಡಿಸ್ದೆ, ಬಂದೆ” ಎಂದು ಮುಖ ತಿರುಗಿಸುವರು, ಆದರೆ ನಿದ್ದೆಯಲ್ಲಿ ಚೀರಿಕೊಂಡು ಏಳುವರು. ಅವರ ಹೃದಯ ದುರ್ಬಲವಾಗಿದೆ ಎಂದು ವೈದ್ಯರು ಹೇಳಿದ ಮೇಲೆ ನನಗೆ ಒಂದೇ ಭಯ – ಎದೆಯೊಳಗಿನ ಆ ಭಾರವನ್ನು ಯಾರೊಡನೆಯೂ ಹಂಚಿಕೊಳ್ಳದೆ, ಒಬ್ಬಂಟಿಯಾಗಿ ಹೊತ್ತುಕೊಂಡೇ ಹೊರಟುಬಿಟ್ಟರೆ?

ಸಾರಿಗೆ ಮಂತ್ರಿಗಳು ಎಲ್ಲವನ್ನೂ ಕೇಳಿಸಿಕೊಂಡು, ಅಳೆದು ಸುರಿದು, ಯುದ್ಧವಿಮಾನಗಳ ಮೇಲಿನ ಅತ್ಯುತ್ತಮ ಗ್ರಂಥವನ್ನು ಕೊಟ್ಟರು. ಅಪ್ಪ ಓದಿ “ಚೆನ್ನಾಗಿದೆ” ಎಂದು ಮುಚ್ಚಿಟ್ಟರು. ಆಮೇಲೆ ನೌಕಾಯುದ್ಧದ ಚರಿತ್ರೆ ಬಂತು, ಮತ್ತೆ ಸೈನಿಕ ರೈಲುಗಳದು. ಓದಿದರು, ತಲೆದೂಗಿದರು, ತುಟಿ ಪಿಟಕ್ಕೆನ್ನಲಿಲ್ಲ. ಕೊನೆಗೊಂದು ದಿನ ಮಂತ್ರಿಗಳು ಹಳೆಯ ಪತ್ರಿಕೆಯಲ್ಲಿ ಸುತ್ತಿದ ತೆಳ್ಳನೆಯ ಪುಸ್ತಕವೊಂದನ್ನು, ಕಳ್ಳಮಾಲು ದಾಟಿಸುವವರ ಹಾಗೆ ಅತ್ತಿತ್ತ ನೋಡಿ ನನ್ನ ಕೈಗಿಟ್ಟರು. ಬೆಟ್ಟದ ರಸ್ತೆಗಳ ಸೈನಿಕ ಲಾರಿಗಳ ಕಥೆ ಅದು. “ನಾನು ಕೊಟ್ಟೆ ಅಂತ ಮಾತ್ರ ಯಾರಿಗೂ ಹೇಳ್ಬೇಡಮ್ಮ” ಎಂದರು.

ಮರುದಿನ ಮಧ್ಯಾಹ್ನ ಅಪ್ಪನ ಕೋಣೆಯಿಂದ ಪುಸ್ತಕ ಹಾರಿ ಬಂದು ಗೋಡೆಗೆ ಬಡಿಯಿತು.

“ನಿದ್ದೆಯಂತೆ ನಿದ್ದೆ! ಚಾಲಕರು ತೂಕಡಿಸಿ ಲಾರಿಗಳು ಕಣಿವೆಗೆ ಬಿದ್ವಂತೆ! ಇವನ್ಯಾವನೋ, ಬಂದು ನೋಡಿದ್ನಾ?” ಅಪ್ಪ ಮಂಚದ ಮೇಲೆ ಎದ್ದು ಕುಳಿತಿದ್ದರು. “ಹಿಂದಿನ ಗಾಡೀಲಿದ್ದೋನು ನನ್ನ ಗೆಳೆಯ, ಅವನ ಬ್ರೇಕ್ ಹೋಗಿತ್ತು ಕಣೇ. ಮುಂದೆ ನನ್ನ ಗಾಡಿ, ಅದರ ತುಂಬ ಹುಡುಗರು. ನಮಗೆ ಗುದ್ದಬಾರ್ದು ಅಂತ ಕಣಿವೆ ಕಡೆಗೆ ಸ್ಟೇರಿಂಗ್ ತಿರುಗಿಸಿಬಿಟ್ಟ. ಎಚ್ಚರವಾಗಿದ್ದ. ನಾನು ಕನ್ನಡೀಲಿ ಅವನ ಮುಖ ನೋಡ್ದೆ.”

ಅಡುಗೆಮನೆಯಿಂದ ಓಡಿ ಬಂದ ಅಮ್ಮ, ಒದ್ದೆ ಕೈಯಲ್ಲೇ ಅವರ ಪಕ್ಕ ಕುಳಿತರು. “ಇಷ್ಟು ವರ್ಷ ಇದನ್ನ ಒಬ್ರೇ ಇಟ್ಕೊಂಡಿದ್ರಾ?” ಎಂದರು. ಅಪ್ಪ ಮಗುವಿನಂತೆ ಅತ್ತರು. ಅತ್ತು, ಆ ಗೆಳೆಯನ ಹಾಡು, ಹಟ, ಅವನು ಮನೆಗೆ ಕಳಿಸಬೇಕೆಂದು ಕೊಂಡಿಟ್ಟಿದ್ದ ಶಾಲು, ಎಲ್ಲವನ್ನೂ ಸಂಜೆಯವರೆಗೆ ಹೇಳಿದರು. ಅಂಥ ಸಂಜೆಗಳು ಆಮೇಲೆ ಎಷ್ಟೋ ಬಂದವು.

ಕೃತಜ್ಞತೆ ಹೇಳಲು ಹೋದಾಗ ಮಂತ್ರಿಗಳಿಗೆ ವಿಪರೀತ ನಾಚಿಕೆ. “ಅದು ದರಿದ್ರ ಪುಸ್ತಕ ತಾಯಿ, ಪುಟಕ್ಕೊಂದು ತಪ್ಪು. ಅದರಲ್ಲಿ ಯಾವ ತಪ್ಪು ತಾಗುತ್ತೆ ಅಂತ ನನಗೇನು ಗೊತ್ತಿತ್ತು? ಸರಿಯಾದ ಪುಸ್ತಕ ಓದಿದೋರು ತಲೆಯಾಡಿಸಿ ಸುಮ್ಮನಾಗ್ತಾರೆ. ತಪ್ಪು ಕಂಡ್ರೆ, ಗೊತ್ತಿರೋರು ಬಾಯಿ ಬಿಡ್ಲೇಬೇಕು. ಪಾಪ, ಅಷ್ಟು ನೋಯುತ್ತೆ ಅಂತ ಅಂದ್ಕೊಂಡಿರ್ಲಿಲ್ಲ.” ಕಣ್ಣೊರೆಸಿಕೊಳ್ಳುವುದು ಕಾಣದಿರಲೆಂದು ಕಪಾಟಿನ ಕಡೆಗೆ ತಿರುಗಿಕೊಂಡರು.

ಒಳ್ಳೆಯ ಪುಸ್ತಕ ಯಾವುದೆಂದು ಹೇಳಬಲ್ಲ ಪಂಡಿತರಿಗೆ ಲೋಕದಲ್ಲಿ ಬರವಿಲ್ಲ. ಎದುರಿಗಿರುವ ಮನುಷ್ಯನ ಸಂಕಟವನ್ನು ಓದಿಕೊಂಡು, ಅವನಿಗಾಗಿ ತಮ್ಮ ಅಭಿರುಚಿಯ ಹೆಮ್ಮೆಯನ್ನೂ ಪಕ್ಕಕ್ಕಿಡಬಲ್ಲವರು ಅಪರೂಪ; ಅವರಿಗೆ ಸನ್ಮಾನವಿಲ್ಲ, ಬಿರುದಿಲ್ಲ, ಹೆಚ್ಚೆಂದರೆ ಬೀದಿಯವರು ಇಟ್ಟ ಒಂದು ಅಡ್ಡಹೆಸರು. ಆದರೆ ಅಂಥವರ ದೆಸೆಯಿಂದ, ಕೆಲವು ಮನೆಗಳಲ್ಲಾದರೂ, ಅಪ್ಪಂದಿರು ಸಾಯುವ ಮೊದಲು ಮಕ್ಕಳಿಗೆ ಪರಿಚಯವಾಗುತ್ತಾರೆ.